ಭಾನುವಾರ ತೂಕದ ಬಗ್ಗೆ ಮಾತುಕತೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 7ಕ್ಕೆ, ವಾಕಿಂಗ್ ಮುಗಿಸಿ ಪಾರ್ಕಿನಲ್ಲೇ ಸೇರೋಣ. ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ ತುಂಬಾ ಜನ ಕೇಳುತ್ತಿದ್ದೀರಿ. ನಮ್ಮ ಬಡಾವಣೆಯ ಡಾಕ್ಟರ್ ಮೇಡಂ ಉತ್ತರಿಸುತ್ತಾರೆ.

ಮೌಂಜಾರೊ, ವೆಗೊವಿ ಎಂಬ ಇಂಥ ಇಂಜೆಕ್ಷನ್‌ಗಳು ಎರಡೂ 2025ರಲ್ಲಿ ನಮ್ಮ ದೇಶಕ್ಕೆ ಬಂದವು. ಹಸಿವು ತಗ್ಗುತ್ತದೆ, ತೂಕವೂ ಇಳಿಯುತ್ತದೆ. ಆದರೆ ವೆಗೊವಿಯ ಔಷಧ ನಿಲ್ಲಿಸಿದವರಲ್ಲಿ, ಇಳಿದ ತೂಕದ ಮೂರರಲ್ಲಿ ಎರಡು ಪಾಲು ಒಂದೇ ವರ್ಷದಲ್ಲಿ ಮರಳಿದ್ದು ಅಧ್ಯಯನದಲ್ಲಿ ಕಂಡಿದೆ. ಕೆಲವರಿಗೆ ಇದು ನಿಜಕ್ಕೂ ಬೇಕು, ಅವರನ್ನು ದಯವಿಟ್ಟು ಆಡಿಕೊಳ್ಳಬೇಡಿ. ಡಾಕ್ಟರ್ ಚೀಟಿ ಇಲ್ಲದೆ ಮಾತ್ರ ಯಾರೂ ತಗೋಬೇಡಿ.

ಮನೆಯಲ್ಲೇ ಸೊಂಟದ ಸುತ್ತಳತೆ ನೋಡಿಕೊಂಡು ಬನ್ನಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಿದರೆ ಎಚ್ಚರ ಬೇಕು. ಮಕ್ಕಳನ್ನೂ ಕರೆತನ್ನಿ. ಬೊಜ್ಜು ತಡೆಯುವ ಕೆಲಸ ಆ ವಯಸ್ಸಿಗೇ ಶುರುವಾಗಬೇಕು, ಅಲ್ವಾ?

ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ.