ಶಾಸಕರೆ, ಶಾಸನದ ಮೇಲಿಂದ ನಿಮ್ಮ ಫಲಕ ತೆಗೆಸಿ

ಮಾನ್ಯ ಶಾಸಕರಿಗೆ ನಮಸ್ಕಾರ.

ನಮ್ಮೂರ ಈಶ್ವರ ಗುಡಿಗೆ ನೀವು ಬಂದಿದ್ದು ನೆನಪಿರಬೇಕು. ಸಮುದಾಯ ಭವನದ ಉದ್ಘಾಟನೆ. ಹಲಗಿ, ಹಾರ, ಶಾಲು ಎಲ್ಲ ಜೋರಾಗಿತ್ತು. ಅವತ್ತು ನೀವು ಪರದೆ ಸರಿಸಿದ ಗ್ರಾನೈಟ್ ಫಲಕ ಇದೆಯಲ್ಲ, ಅದರ ಹಿಂದಿರುವುದು ಗೋಡೆ ಅಲ್ಲ. ಚಾಲುಕ್ಯರ ಕಾಲದ ಶಾಸನದ ಕಲ್ಲು.

ಗುತ್ತಿಗೆದಾರರು ಅದಕ್ಕೇ ಡ್ರಿಲ್ ಹಚ್ಚಿ, ನಾಲ್ಕು ಮೂಲೆಗೂ ತೂತು ಕೊರೆದು ಬೋಲ್ಟ್ ಬಿಗಿದಿದ್ದಾರೆ. ಮೇಲ್ಗಡೆ ಸೂರ್ಯ, ಚಂದ್ರ, ಆಕಳು-ಕರು ಇನ್ನೂ ಕಾಣುತ್ತವೆ. ಕೆಳಗೆ ಹಳಗನ್ನಡದ ಸಾಲುಗಳಿದ್ದ ಕಡೆ ಈಗ ನಿಮ್ಮ ಹೆಸರು ಬಂಗಾರದ ಬಣ್ಣದಲ್ಲಿ ಹೊಳೆಯುತ್ತಿದೆ. ಉದುರಿದ ಕಲ್ಲಿನ ಪುಡಿಯನ್ನು ನನ್ನ ಕಣ್ಣೆದುರೇ ಕಸಬರಿಗೆಯಿಂದ ಗುಡಿಸಿ ಚರಂಡಿಗೆ ಹಾಕಿದರು. ಬೇಡ ಅಂದವನಿಗೆ ಸಿಕ್ಕ ಉತ್ತರ, "ಸಾಹೇಬ್ರ ಹೆಸರಿಗೆ ಗಟ್ಟಿ ಕಲ್ಲೇ ಬೇಕ್ರಿ."

ಪ್ರಾಚೀನ ಸ್ಮಾರಕಗಳ 1961ರ ಕಾಯ್ದೆಯನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ಕಾಯ್ದೆ ಮಾಡುವ ಸದನದಲ್ಲೇ ಕೂರುವವರು ನೀವು. ಫಲಕ ತೆಗೆಸಿ, ಅಷ್ಟೇ.

ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದು ಸಾಕಾಗಿದೆ. ತೊಗರಿ ರಾಶಿ ಬಿಟ್ಟು ಹೋದೆ, ಸುಡುಬಿಸಿಲಲ್ಲೂ ಹೋದೆ. ಕಲಬುರಗಿ ಬಿಸಿಲು ನಿಮಗೂ ಗೊತ್ತು, ಕಾರಿನ ಗಾಜಿನೊಳಗಿಂದ. ಒಬ್ಬರು "ಇದು ನಮಗ ಬರೂದಿಲ್ರಿ" ಅಂದರು. ಇನ್ನೊಬ್ಬರು "ಕಲ್ಲಿಗ್ಯಾಕ ಇಷ್ಟು ತಲಿ ಕೆಡಿಸ್ಕೋತೀರಿ, ದೇವ್ರು ಒಳಗ ಆರಾಮ ಅದಾನಲ್ಲ" ಅಂತ ಚಹಾ ಕುಡಿಸಿ ಕಳಿಸಿದರು. ಚಹಾ ಚೆನ್ನಾಗಿತ್ತು, ಸುಳ್ಳು ಹೇಳಲಾರೆ.

ನಾಗಾವಿ ನಮ್ಮ ಜಿಲ್ಲೆಯದೇ ಅಲ್ವಾ? ಅಲ್ಲಿನ ಘಟಿಕಾಸ್ಥಾನದಲ್ಲಿ, ಅಂದರೆ ಆ ಕಾಲದ ದೊಡ್ಡ ವಿದ್ಯಾಕೇಂದ್ರದಲ್ಲಿ, ವೇದ ಓದುವ 200 ಜನ, ಶಾಸ್ತ್ರ ಓದುವ 50 ಜನ, ಪುಸ್ತಕ ಭಂಡಾರ ನೋಡಿಕೊಳ್ಳಲು 6 ಜನ ಇದ್ದರು ಅನ್ನುವುದು ತಿಳಿದದ್ದು 1058ರ ಶಾಸನದಿಂದ. ಅದರ ಮೇಲೂ ಯಾರದಾದರೂ ಹೆಸರು ಬಿಗಿದಿದ್ದರೆ ಮುಗೀತು, ನಾಗಾವಿಯೂ ಸುಮ್ನೆ ಒಂದು ಹಾಳು ಗುಡಿ. ನಮ್ಮ ಜಿಲ್ಲೆಯದೇ ಸನ್ನತಿಯದು ಇನ್ನೊಂದು ಕತೆ. 1986ರಲ್ಲಿ ಕಾಳಿ ಗುಡಿಯ ಮಾಳಿಗೆ ಕುಸಿದಾಗ, ಮೂರ್ತಿಯ ಕೆಳಗಿದ್ದ ಕಲ್ಲು ಅಶೋಕನ ಶಾಸನ ಅಂತ ಗೊತ್ತಾಯಿತು. ಮೂರ್ತಿ ಕೂರಿಸಲು ಹಿಂದೆ ಯಾರೋ ಅದಕ್ಕೆ ತೂತು ಕೊರೆದಿದ್ದರು. ಅವರನ್ನು ಬೈಯೋ ಹಾಗಿಲ್ಲ. ಅಶೋಕನ ಕಾಲದ ಬ್ರಾಹ್ಮಿ ಲಿಪಿ ಓದೋಕೆ ಆಗ ಯಾರಿಗೆ ಬರ್ತಿತ್ತು? ನಮ್ಮೂರ ಕಲ್ಲಿನ ಮೇಲಿರುವುದು ಕನ್ನಡ, ಸ್ವಾಮಿ.

ದತ್ತಿ ಕಸಿದವನು ಅರವತ್ತು ಸಾವಿರ ವರ್ಷ ಹೊಲಸಿನಲ್ಲಿ ಹುಳವಾಗಿ ಹುಟ್ಟುತ್ತಾನೆ ಅಂತ ಎಷ್ಟೋ ಶಾಸನಗಳ ಕೊನೆಗೆ ಶಾಪ ಇರುತ್ತದೆ. ನಮ್ಮದರಲ್ಲೂ ಇದೆಯೋ ಏನೋ, ಓದೋಣ ಅಂದರೆ ನಿಮ್ಮ ಹೆಸರು ಅಡ್ಡ ಇದೆ.

ಫಲಕ ತೆಗೆಸಿ. ಮತ್ತೆ ಡ್ರಿಲ್, ಸುತ್ತಿಗೆ ಹಿಡಿದವರ ಕೈಲಿ ಬೇಡ, ಪುರಾತತ್ವ ಇಲಾಖೆಯವರನ್ನು ಕರೆಸಿ ತೆಗೆಸಿ. ಕಲ್ಲಿನ ಅಚ್ಚು ತೆಗೆಸಿ, ಓದಿಸಿ. ನಿಮ್ಮ ಹೆಸರು ಭವನದ ಗೋಡೆಗೆ ಹಾಕಿಸಿಕೊಳ್ಳಿ, ನಮ್ಮ ತಕರಾರಿಲ್ಲ. ಅದು ಹೇಗೂ ನಿಮ್ಮ ಅನುದಾನದ್ದೇ ಸಿಮೆಂಟು.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ
ಕಲಬುರಗಿ ಜಿಲ್ಲೆ