ಕರಾರಿನಲ್ಲಿ ಫ್ಯಾನ್ ಎಣಿಸುತ್ತಾರೆ, ವಿಮೆ ಕೇಳುವುದಿಲ್ಲ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಬಂದಿದ್ದಾಗ ನೀವು ಮೈಕಿನ ಮುಂದೆ ನಿಂತು, "ನಿಮ್ಮ ಕಷ್ಟಸುಖ ಏನಿದ್ದರೂ ಕನ್ನಡದಲ್ಲೇ ಬರೆದು ಕೊಡಿ, ಓದಿಸಿಕೊಳ್ಳುತ್ತೇನೆ" ಎಂದಿದ್ದಿರಿ. ಚಪ್ಪಾಳೆ ಬಿತ್ತು, ನಾನೂ ತಟ್ಟಿದೆ. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ 31 ವರ್ಷ ಗಣಿತ ಕಲಿಸಿದವಳು ನಾನು. ಕೊಟ್ಟ ಮಾತನ್ನು ಮನೆಪಾಠದ ಹಾಗೆ ಕೇಳಿ ಒಪ್ಪಿಸಿಕೊಳ್ಳುವುದು ಅಭ್ಯಾಸವಾಗಿ ಹೋಗಿದೆ. ಇದೇ ಪತ್ರದ ಮರಾಠಿ ಪ್ರತಿಯನ್ನು ನಿಮ್ಮ ಕಚೇರಿಯಲ್ಲಿ ಬೇರೆಯಾಗಿ ಕೊಟ್ಟಿದ್ದೇನೆ.

ವಿಷಯ, ಬಾಡಿಗೆಗೆ ಕೊಟ್ಟ ಮನೆಯ ವಿಮೆ. ಬಾಡಿಗೆ ತಿನ್ನುವವರ ಗೋಳು ಯಾರಿಗೆ ಬೇಕು ಎಂದು ಪಕ್ಕಕ್ಕಿಡಬೇಡಿ. ಹತ್ತು ಫ್ಲಾಟು ಇಟ್ಟುಕೊಂಡವರ ಪರವಾಗಿ ನಾನು ಬರೆಯುತ್ತಿಲ್ಲ. ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಲೇ ರಾತ್ರಿಶಾಲೆಯಲ್ಲಿ ಓದಿ, ಬ್ಯಾಂಕಿಗೋ ಮಿಲ್ಲಿನ ಆಫೀಸಿಗೋ ಸೇರಿ, ಪ್ರಾವಿಡೆಂಟ್ ಫಂಡ್ ತೆಗೆದು ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ಒಂದು ಚಿಕ್ಕ ಫ್ಲಾಟು ಕೊಂಡ ನಮ್ಮ ಜನ ಇದ್ದಾರಲ್ಲ, ಅವರಲ್ಲಿ ಅನೇಕರಿಗೆ ಇಂದು ಆ ಬಾಡಿಗೆಯೇ ಪಿಂಚಣಿ. ನಮ್ಮ ಯಜಮಾನರು ತೀರಿಕೊಂಡ ಮೇಲೆ ನಾನು ಮಗಳ ಜೊತೆ ನಿಮ್ಮ ಕ್ಷೇತ್ರದಲ್ಲಿದ್ದೇನೆ. ಡೊಂಬಿವಲಿ ಪೂರ್ವದ ನಮ್ಮ ಫ್ಲಾಟಿನಲ್ಲಿ ಬೀದರ್ ಕಡೆಯ ಗಂಡ ಹೆಂಡತಿ ಇದ್ದಾರೆ. ಫ್ಲಾಟು ನಿಮ್ಮ ಗಡಿಯಾಚೆ, ಮತ ಮಾತ್ರ ನಿಮ್ಮದು.

2024ರ ಮೇ 23ರ ಮಧ್ಯಾಹ್ನ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಸ್ಫೋಟವಾಯಿತು. 2016ರ ಮೇ ತಿಂಗಳಲ್ಲೂ ಅಲ್ಲಿ ಅಂಥದೇ ಒಂದು ಆಗಿತ್ತು. ಜೀವಗಳೇ ಹೋದ ಕಡೆ ಕಿಟಕಿ ಗಾಜಿನ ಲೆಕ್ಕ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕಾಗಿದೆ. ನಮ್ಮ ಫ್ಲಾಟಿನಲ್ಲಿ ಬಾಡಿಗೆಗಿದ್ದ ಹುಡುಗಿ ಫೋನ್ ಮಾಡಿ, "ಟೀಚರ್, ಕಿಟಕಿ ಮನೆಯೊಳಗೆ ಬಂದುಬಿಟ್ಟಿದೆ" ಎಂದಳು. ಮರುದಿನ ಬೆಳಿಗ್ಗೆ ಹೋದೆ. ಅಲ್ಯೂಮಿನಿಯಂ ಚೌಕಟ್ಟು ಕಿತ್ತು ದಿವಾನದ ಮೇಲೆ ಅಡ್ಡ ಬಿದ್ದಿತ್ತು, ಅದರ ಕೆಳಗೆ ಟೀವಿ. ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿಯ ಮುಚ್ಚಳ ತೆರೆದೇ ಇತ್ತಂತೆ. ಆಕೆ ಹಿಡಿಹಿಡಿ ಹಿಟ್ಟನ್ನು ಬೆಳಕಿಗೆ ಹಿಡಿದು ಗಾಜು ಹುಡುಕುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಬೇಸತ್ತು ಡಬ್ಬಿಯನ್ನೇ ಕಸದ ಚೀಲಕ್ಕೆ ಬಗ್ಗಿಸಿದಳು. ಆಮೇಲೆ ಕೇಳಿದಳು: "ಮನೆಗೆ ಇನ್ಸೂರೆನ್ಸ್ ಇದೆ ಎಂದು ನೀವೇ ಹೇಳಿದ್ದಿರಲ್ಲ ಟೀಚರ್, ಟೀವಿಗೆ ಏನಾದರೂ ಬರುತ್ತದೆಯೇ?"

ಹೇಳಿದ್ದು ನಿಜ. ಸೊಸೈಟಿಯ, ಅಂದರೆ ನಮ್ಮ ಕಟ್ಟಡದ ಗೃಹನಿರ್ಮಾಣ ಸಹಕಾರಿ ಸಂಘದ, ಷೇರ್ ಸರ್ಟಿಫಿಕೇಟಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಆ ಪಾಲಿಸಿ ಭದ್ರವಾಗಿತ್ತು. ಮನೆಗೆ ಬಂದು ಕನ್ನಡಕ ಹಾಕಿಕೊಂಡು ಓದಿದೆ. ಅದು ಗೃಹಸಾಲದ ಜೊತೆ ಬಂದದ್ದು, ಸಾಲದ ಮೊತ್ತಕ್ಕೆ ಬರೆದದ್ದು, ಸಾಲ ತೀರಿದ 2019ರಲ್ಲೇ ಅದರ ಅವಧಿಯೂ ತೀರಿತ್ತು. ಐದು ವರ್ಷ ನಾನು ಖಾಲಿ ಕಾಗದವನ್ನು ಕಾಯುತ್ತಿದ್ದೆ. ಅವಧಿ ಇದ್ದಿದ್ದರೂ ಆಕೆಯ ಟೀವಿಗೆ ಒಂದು ಪೈಸೆ ಸಿಗುತ್ತಿರಲಿಲ್ಲ. ಮಾಲೀಕರ ಪಾಲಿಸಿ ಮಾಲೀಕರ ಗೋಡೆಗೆ, ಮಾಲೀಕರ ಸಾಮಾನಿಗೆ. ಬಾಡಿಗೆದಾರರು ತಮ್ಮ ಸಾಮಾನಿಗೆ ತಾವೇ ವಿಮೆ ಮಾಡಿಸಿಕೊಳ್ಳಬೇಕು, ಮಾಡಿಸಿಕೊಳ್ಳಲೂಬಹುದು. ಇದು ಆಕೆಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಹೊಸದೊಂದು ಮಾಡಿಸೋಣವೆಂದು ಏಜೆಂಟರನ್ನು ಕರೆದೆ. ಒಳ್ಳೆಯ ಹುಡುಗ, ಚಹಾ ಕುಡಿದ. "ಫ್ಲಾಟಿನ ಬೆಲೆ ಈಗ 48 ಲಕ್ಷ ಇದೆ, ಅಷ್ಟಕ್ಕೇ ಬರೆಯೋಣ ಆಂಟಿ" ಎಂದ. ಗಣಿತದ ಟೀಚರ್ ಎದ್ದು ಕುಳಿತಳು. 48 ಲಕ್ಷದಲ್ಲಿ ಬಹುಪಾಲು ನೆಲದ್ದು, ಸ್ಟೇಷನ್ನಿಗೆ ಹತ್ತಿರವಿರುವುದರದ್ದು. ನೆಲಕ್ಕೆ ಬೆಂಕಿ ಬೀಳುವುದಿಲ್ಲ, ಸ್ಟೇಷನ್ ದೂರ ಸರಿಯುವುದಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವು 2021ರ ಏಪ್ರಿಲ್ 1ರಿಂದ ಎಲ್ಲ ಕಂಪನಿಗಳೂ ಒಂದೇ ಪಠ್ಯದಲ್ಲಿ ಮಾರಬೇಕೆಂದು ತಂದ 'ಭಾರತ್ ಗೃಹ ರಕ್ಷಾ' ಪಾಲಿಸಿಯಲ್ಲಿ ಲೆಕ್ಕ ಸರಳವಾಗಿದೆ: ಕಾರ್ಪೆಟ್ ಏರಿಯಾ (ಗೋಡೆಗಳ ಒಳಗಿನ ನೆಲದ ಅಳತೆ) ಗುಣಿಸು ಈಗಿನ ಕಟ್ಟುವ ಖರ್ಚು. ನಮ್ಮದು 410 ಚದರ ಅಡಿ. ಸಿವಿಲ್ ಎಂಜಿನಿಯರ್ ಆಗಿರುವ ಅಳಿಯ ನಮ್ಮಂಥ ಕಟ್ಟಡಕ್ಕೆ ಅಡಿಗೆ 2,800 ರೂಪಾಯಿ ಹಿಡಿಯಿರಿ ಎಂದರು. ಬಂದದ್ದು 11,48,000. ಏಜೆಂಟ್ ಹೇಳಿದ್ದರ ಕಾಲುಭಾಗಕ್ಕಿಂತ ಕಡಿಮೆ! ಹೆಚ್ಚು ಬರೆಸಿದರೆ ಹೆಚ್ಚು ಸಿಗುತ್ತದೆ ಎಂದು ನಂಬಿ ಪ್ರೀಮಿಯಂ ಕಟ್ಟುವವರು ನಮ್ಮ ಸಂಘದಲ್ಲೇ ಇದ್ದಾರೆ. ಮನೆ ಸುಟ್ಟರೆ ಕೈಗೆ ಬರುವುದು ಕಟ್ಟಿಸುವ ಖರ್ಚು, ಮಾರುವ ಬೆಲೆಯಲ್ಲ.

ಉಳಿದದ್ದನ್ನೂ ಕೆಂಪು ಪೆನ್ನು ಹಿಡಿದು ಓದಿದೆ. ಬೆಂಕಿ, ಸ್ಫೋಟ, ಭೂಕಂಪ, ಬಿರುಗಾಳಿ, ನೆರೆ, ದೊಂಬಿ, ನೀರಿನ ಟ್ಯಾಂಕು ಅಥವಾ ಪೈಪು ಒಡೆಯುವುದು ಇವೆಲ್ಲ ಒಳಗಿವೆ. ಮನೆಯ ಸಾಮಾನಿಗೆ ಕಟ್ಟಡದ ಮೊತ್ತದ ಶೇಕಡಾ 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ಪಟ್ಟಿ ಕೊಡದೆಯೇ ಸೇರುತ್ತದೆ. ಹತ್ತು ವರ್ಷದವರೆಗೆ ಒಟ್ಟಿಗೇ ಮಾಡಿಸಬಹುದು, ವಿಮಾ ಮೊತ್ತ ವರ್ಷಕ್ಕೆ ಶೇಕಡಾ 10ರಂತೆ ತಾನೇ ಏರುತ್ತದೆ. ನಮ್ಮಂಥವರಿಗೆ ಮುಖ್ಯವಾದ ಸಾಲು ಇನ್ನೊಂದಿದೆ. ಇಂಥ ಅನಾಹುತದಿಂದ ಮನೆ ವಾಸಕ್ಕೆ ಅಯೋಗ್ಯವಾದರೆ ದುರಸ್ತಿ ಮುಗಿಯುವವರೆಗೆ ಕೈತಪ್ಪಿದ ಬಾಡಿಗೆಯನ್ನೂ ತುಂಬಿಕೊಡುತ್ತಾರೆ. ಬಾಡಿಗೆದಾರ ಬಾಡಿಗೆ ಕೊಡದೆ ಬೀಗ ಹಾಕಿಕೊಂಡು ಹೋದರೆ ಕೊಡುವುದಿಲ್ಲ, ಅದಕ್ಕೆ ಡಿಪಾಸಿಟ್ಟೇ ಗತಿ. ಮನೆಗೆ ಕನ್ನ ಹಾಕಿದರೆ ಅದಕ್ಕೆ ಬೇರೆ ಪಾಲಿಸಿ. ನಮ್ಮ ಗ್ಯಾಸ್ ಗೀಸರಿನಿಂದ ಬಾಡಿಗೆದಾರರಿಗೆ ಅಪಾಯವಾಗಿ ಪರಿಹಾರ ನಮ್ಮ ತಲೆಗೆ ಬಂದರೆ ಅದಕ್ಕೆ ಹೊಣೆಗಾರಿಕೆಯ ವಿಮೆ, ಅದೂ ಬೇರೆ. ಮನೆಯಲ್ಲಿ ನಾವಿಲ್ಲ, ಬಾಡಿಗೆಗೆ ಕೊಟ್ಟಿದ್ದೇವೆ ಎಂಬುದನ್ನು ಕಂಪನಿಗೆ ತಿಳಿಸಿಯೇ ಮಾಡಿಸಬೇಕು. ಏಜೆಂಟ್ ಆ ಪ್ರಶ್ನೆಯನ್ನೇ ಕೇಳಿರಲಿಲ್ಲ, ನಾನಾಗಿ ಹೇಳಿದೆ. ಇಷ್ಟೆಲ್ಲ ಆಗಿ ವರ್ಷದ ಪ್ರೀಮಿಯಂ ಒಂದು ತಿಂಗಳ ಬಾಡಿಗೆಯ ಹತ್ತನೇ ಒಂದು ಭಾಗವೂ ಆಗಲಿಲ್ಲ.

ಮರುವರ್ಷ ಮಳೆಗಾಲದಲ್ಲಿ ಮೇಲಿನ ಮನೆಯ ಪೈಪು ಒಡೆದು ನಮ್ಮ ಬಚ್ಚಲಿನ ಮಾಡು ಉದುರಿತು. ನಷ್ಟದ ಅಂದಾಜು ಮಾಡುವ ವಿಮಾ ಸರ್ವೇಯರ್ ಬಂದರು. ಮಾತು ಕಡಿಮೆ. ಪೆನ್ನಿನ ಹಿಂಬದಿಯಿಂದ ಗಾರೆಯನ್ನು ಕುಟ್ಟಿ, ಮೂಲೆಯೊಂದನ್ನು ಉಗುರಿನಿಂದ ಕೆರೆದು ಬೆರಳಿಗೆ ಹತ್ತಿದ ಬಿಳಿ ಪುಡಿಯನ್ನು ನನಗೇ ತೋರಿಸಿದರು. "ಈ ಉಪ್ಪು ಒಂದು ದಿನದ್ದಲ್ಲ ಮೇಡಂ. ಇದು ಹಳೆಯ ಸೋರಿಕೆ." ಪೈಪು ಒಡೆದು ಹಾಳಾದಷ್ಟಕ್ಕೆ ಕೊಟ್ಟರು, ವರ್ಷಗಟ್ಟಲೆ ಜಿನುಗಿದ್ದಕ್ಕೆ ಕೊಡಲಿಲ್ಲ. ಸಿಟ್ಟು ಬಂತು, ಆದರೆ ಉತ್ತರ ಸರಿಯಿತ್ತು, ನಾನೇ ಆಗಿದ್ದರೂ ಅಷ್ಟೇ ಅಂಕ ಕೊಡುತ್ತಿದ್ದೆ. ಅನ್ಯಾಯವಾಯಿತು ಎನಿಸಿದವರು ಮೊದಲು ಕಂಪನಿಗೆ ದೂರು ಕೊಡಬೇಕು. ಅಲ್ಲಿ ಬಗೆಹರಿಯದಿದ್ದರೆ ಸಾಂತಾಕ್ರೂಜ್ ಪಶ್ಚಿಮದಲ್ಲಿ ವಿಮೆಯ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ವಿಮಾ ಒಂಬಡ್ಸ್‌ಮನ್ ಕಚೇರಿ ಇದೆ, ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ. ಇದನ್ನು ನಿಮ್ಮ ವಾರ್ಡ್ ಕಚೇರಿಯ ಗೋಡೆಗೆ ಅಂಟಿಸಿದರೂ ಪುಣ್ಯ ಬರುತ್ತದೆ.

ಇಷ್ಟಾದರೂ ಮೂರನೇ ಮಹಡಿಯ ಫ್ಲಾಟಿನ ವಿಮೆ ಒಂದು ರೀತಿಯಲ್ಲಿ ಅರ್ಧವೇ. ಇಡೀ ಕಟ್ಟಡಕ್ಕೆ ಏನಾದರೂ ಆದರೆ ನನ್ನ 11 ಲಕ್ಷ ಹಿಡಿದುಕೊಂಡು ಗಾಳಿಯಲ್ಲಿ ಮೂರನೇ ಮಹಡಿ ಕಟ್ಟಲು ಬರುವುದಿಲ್ಲ. ಕಂಬ, ಮೆಟ್ಟಿಲು, ಟ್ಯಾಂಕು, ಲಿಫ್ಟು ಸೊಸೈಟಿಯವು. ಬೆಂಕಿ ಮತ್ತು ಭೂಕಂಪಕ್ಕೆ ಸೊಸೈಟಿ ಕಟ್ಟಡದ ವಿಮೆ ಮಾಡಿಸಲೇಬೇಕು ಎಂದು ಮಹಾರಾಷ್ಟ್ರದ ಗೃಹನಿರ್ಮಾಣ ಸಹಕಾರಿ ಸಂಘಗಳ ಮಾದರಿ ಉಪನಿಯಮಗಳಲ್ಲೇ ಇದೆ. ನಮ್ಮ ಸೆಕ್ರೆಟರಿಯವರನ್ನು ಕೇಳಿದೆ. "ಇದೆ ಇದೆ, ಕಪಾಟಿನಲ್ಲಿದೆ" ಎಂದರು. ಎರಡು ತಿಂಗಳು ಬೆನ್ನು ಬಿದ್ದ ಮೇಲೆ ಕಪಾಟು ತೆರೆಯಿತು. ನವೀಕರಣ ತಪ್ಪಿ ಎರಡು ವರ್ಷವಾಗಿತ್ತು. ಬಾಡಿಗೆಗೆ ಕೊಟ್ಟವರಿಂದ, ತಾವೇ ವಾಸವಿಲ್ಲದ್ದಕ್ಕೆಂದು ಹಾಕುವ ನಾನ್ ಆಕ್ಯುಪೆನ್ಸಿ ಚಾರ್ಜ್ ವಸೂಲಿಗೆ ಮಾತ್ರ ಒಂದು ತಿಂಗಳೂ ತಪ್ಪಿಲ್ಲ. ಅದು ಸೇವಾ ಶುಲ್ಕದ ಶೇಕಡಾ 10 ದಾಟಬಾರದೆಂದು ಸರ್ಕಾರ 2001ರ ಆಗಸ್ಟ್ 1ರಂದೇ ಆದೇಶಿಸಿದೆ, ಪುಣ್ಯಕ್ಕೆ.

ಈಗ ನಿಮ್ಮಿಂದ ಆಗಬೇಕಾದ ಕೆಲಸ. ಬಾಡಿಗೆ ಕರಾರನ್ನು ನೋಂದಾಯಿಸದಿದ್ದರೆ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನ ಪ್ರಕಾರ ಮಾಲೀಕರಿಗೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಾಗಾಗಿ ಎಲ್ಲರೂ ಆನ್‌ಲೈನ್ ಫಾರ್ಮ್ ತುಂಬುತ್ತೇವೆ, ಹೆಬ್ಬೆರಳು ಒತ್ತುತ್ತೇವೆ, ಮುದ್ರಾಂಕ ಶುಲ್ಕ ಕಟ್ಟುತ್ತೇವೆ, ಬಾಡಿಗೆದಾರರ ಮಾಹಿತಿಯನ್ನು ಪೊಲೀಸರಿಗೂ ಕೊಡುತ್ತೇವೆ. ನನ್ನ ಕರಾರಿನಲ್ಲಿ ಫ್ಯಾನ್ ಮೂರು, ಟ್ಯೂಬ್‌ಲೈಟ್ ನಾಲ್ಕು, ಗೀಸರ್ ಒಂದು ಎಂದು ಬರೆದಿದೆ. ಆ ಫ್ಯಾನಿಗೆ ಬೆಂಕಿ ಹತ್ತಿದರೆ ಗೋಡೆ ಯಾರ ಪಾಲು, ಟೀವಿ ಯಾರ ಪಾಲು ಎಂಬುದಕ್ಕೆ ಒಂದು ಸಾಲೂ ಇಲ್ಲ. ಆ ಫಾರ್ಮಿನಲ್ಲಿ ಮೂರು ಖಾನೆ ಸೇರಿಸಲು ಕಂದಾಯ ಸಚಿವರನ್ನು ಸದನದಲ್ಲಿ ಕೇಳಿ: ಕಟ್ಟಡದ ಪಾಲಿಸಿ ಇದೆಯೇ, ಯಾವ ತಾರೀಖಿನವರೆಗೆ? ಬಾಡಿಗೆದಾರರ ಸಾಮಾನಿಗೆ ಅವರದೇ ಪಾಲಿಸಿ ಇದೆಯೇ? ಸೊಸೈಟಿಯದು ಇದೆಯೇ? 'ಇಲ್ಲ' ಎಂದು ಬರೆಯಲೂ ಅವಕಾಶವಿರಲಿ. ವಿಮೆಯನ್ನು ಕಡ್ಡಾಯ ಮಾಡಿ ಎಂದು ನಾನು ಕೇಳುತ್ತಿಲ್ಲ. ಕಡ್ಡಾಯವಾದ ದಿನ ಅದೂ ಸಾಲದ ಜೊತೆ ಬಂದ ನನ್ನ ಪಾಲಿಸಿಯಂತೆ ಯಾರೂ ಓದದ ಇನ್ನೊಂದು ಕಾಗದವಾಗುತ್ತದೆ. 'ಇಲ್ಲ' ಎಂದು ಸ್ವಂತ ಕೈಯಲ್ಲಿ ಬರೆದವರು ಆ ರಾತ್ರಿ ಒಮ್ಮೆಯಾದರೂ ಯೋಚಿಸುತ್ತಾರೆ.

ಸೊಸೈಟಿಗಳು ಪಾಲಿಸಿಯ ಪ್ರತಿಯನ್ನು ನೋಟಿಸ್ ಬೋರ್ಡಿನಲ್ಲಿ ಹಾಕುವಂತೆ ಸಹಕಾರ ಇಲಾಖೆಯಿಂದ ಒಂದು ಸುತ್ತೋಲೆ ಸಾಕು. ಇನ್ನು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವವಿಮೆ, ಆರೋಗ್ಯ ವಿಮೆಗಳಿಗೆ ಜಿಎಸ್‌ಟಿ ತೆಗೆದರು, ಸಂತೋಷ. ಮನೆಯ ವಿಮೆಗೆ ಶೇಕಡಾ 18 ಹಾಗೆಯೇ ಉಳಿಯಿತು. ಜಿಎಸ್‌ಟಿ ಮಂಡಳಿಯಲ್ಲಿ ನಮ್ಮ ರಾಜ್ಯಕ್ಕೂ ಕುರ್ಚಿ ಇದೆಯಲ್ಲವೇ?

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ರಾತ್ರಿಯನ್ನು ನಾನು ಶಾಲೆಯಲ್ಲೇ ಮಕ್ಕಳ ಜೊತೆ ಕಳೆದೆ. ನೀರಿಳಿದ ಮೇಲೆ ನೆಲಮಹಡಿಯ ಮನೆಗಳಲ್ಲಿ ಮಾಲೀಕರೂ ಬಾಡಿಗೆದಾರರೂ ಕೆಸರಿನಲ್ಲಿ ನಿಂತು ಯಾವುದನ್ನು ಯಾರು ಸರಿಮಾಡಿಸಬೇಕು ಎಂದು ಜಗಳವಾಡುತ್ತಿದ್ದುದನ್ನು ಕಂಡಿದ್ದೇನೆ. ಅದರಲ್ಲಿ ಒಂದು ಜಗಳ ಬಿಡಿಸಿದ್ದೂ ಇದೆ.

ನಮ್ಮ ಕರಾರು ಬರುವ ತಿಂಗಳು ನವೀಕರಣಕ್ಕೆ ಬರುತ್ತದೆ. ಫಾರ್ಮಿನಲ್ಲಿ ಖಾನೆ ಬರುವವರೆಗೆ ಕಾಯದೆ, ಇತರ ಷರತ್ತುಗಳ ಜಾಗದಲ್ಲಿ ನಾನೂ ಆ ಹುಡುಗಿಯೂ ಕೂತು ಈ ಸಾಲು ಬರೆದಿಟ್ಟಿದ್ದೇವೆ: "ಗೋಡೆ, ಮಾಡು, ಕಿಟಕಿ, ಮಾಲೀಕರ ಸಾಮಾನುಗಳ ವಿಮೆ ಮಾಲೀಕರದು. ಬಾಡಿಗೆದಾರರ ಸಾಮಾನುಗಳ ವಿಮೆ ಬಾಡಿಗೆದಾರರದು. ಎರಡೂ ಪಾಲಿಸಿಗಳ ಪ್ರತಿಯನ್ನು ಪರಸ್ಪರ ಕೊಡತಕ್ಕದ್ದು." ಕೊನೆಯ ವಾಕ್ಯ ಅವಳದು. ನನ್ನ ಪ್ಲಾಸ್ಟಿಕ್ ಕವರಿನ ಮೇಲೆ ಅವಳಿಗೆ ಈಗ ನಂಬಿಕೆಯಿಲ್ಲ.

ಇತಿ,
ನಿಮ್ಮ ಕ್ಷೇತ್ರದ ಮತದಾರಳು,
ನಿವೃತ್ತ ಗಣಿತ ಶಿಕ್ಷಕಿ