ಗೇಮ್ ಕನ್ಸೋಲ್ ಕೊಳ್ಳುವ ಮುನ್ನ ಮನೆಯ ಕರೆಂಟ್, ನೆಟ್ ನೋಡಿ

ಮಾನ್ಯ ಸಂಪಾದಕರೇ,

ಕಾಫಿ ಕೊಯ್ಲು ಮುಗಿದು ಕೈಯಲ್ಲಿ ಒಂದಿಷ್ಟು ದುಡ್ಡು ಓಡಾಡುವ ಹೊತ್ತಿಗೆ ಮಕ್ಕಳ ಪರೀಕ್ಷೆಯೂ ಮುಗಿದಿರುತ್ತದೆ. ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್‌ಗಳಲ್ಲಿ ಪ್ಲೇಸ್ಟೇಷನ್ ತರೋಣವೋ ಎಕ್ಸ್‌ಬಾಕ್ಸ್ ತರೋಣವೋ ಎಂಬ ಮಾತು ಮನೆಮನೆಯಲ್ಲಿ ಏಳುವುದು ಆಗಲೇ. ಯೂಟ್ಯೂಬ್‌ನಲ್ಲಿ ನೋಡಿದರೆ ಎರಡರ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ಯಾವುದು ಹೆಚ್ಚು ಸ್ಪಷ್ಟ ಎಂದು ತೋರಿಸುತ್ತಾರೆ. ಬರಿಗಣ್ಣಿಗೆ ಆ ವ್ಯತ್ಯಾಸ ಹೆಚ್ಚಾಗಿ ಕಾಣುವುದೇ ಇಲ್ಲ. ಭಾಗಮಂಡಲ, ಶಾಂತಳ್ಳಿ, ಶ್ರೀಮಂಗಲದ ಕಡೆಯ ತೋಟದ ಮನೆಗೆ ಕನ್ಸೋಲ್ ತರುವವರು ಮೊದಲು ಲೆಕ್ಕ ಹಾಕಬೇಕಾದದ್ದು ಡಿಸ್ಕ್, ನೆಟ್ ಮತ್ತು ಕರೆಂಟ್. ಈ ಮೂರನ್ನು ನೋಡದೆ ಬೆಲೆಯೊಂದನ್ನೇ ನೋಡಿ ತಂದ ಯಂತ್ರ ಮಳೆಗಾಲದಲ್ಲಿ ಮೂಲೆ ಸೇರುತ್ತದೆ.

ಮೊದಲು ಡಿಸ್ಕ್. ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಚಿಕ್ಕದು, ಬೆಲೆಯೂ ಕಡಿಮೆ. ಆದರೆ ಅದರಲ್ಲಿ ಡಿಸ್ಕ್ ಡ್ರೈವ್ ಇಲ್ಲ, ಹೊರಗಿನಿಂದ ಜೋಡಿಸಲೂ ಬರುವುದಿಲ್ಲ. ಆಟವೆಲ್ಲ ನೆಟ್‌ನಿಂದಲೇ ಇಳಿಯಬೇಕು. ಈಗಿನ ದೊಡ್ಡ ಆಟವೊಂದು ಸುಮಾರು 100 ಜಿಬಿ. ಸೆಕೆಂಡಿಗೆ 10 ಮೆಗಾಬಿಟ್ ವೇಗ ಒಂದೇ ಸಮ ಸಿಕ್ಕಿದರೂ ಅದು ಇಳಿಯಲು 22 ಗಂಟೆ ಬೇಕು. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕ್ ನಂಬಿದರೆ 50 ದಿನ! 512 ಜಿಬಿ ಎಂದು ಡಬ್ಬದ ಮೇಲೆ ಬರೆದಿದ್ದರೂ ಆಟಕ್ಕೆ ಸಿಗುವುದು 364 ಜಿಬಿ. ಮೂರು ದೊಡ್ಡ ಆಟ ಹಾಕಿದರೆ ತುಂಬಿತು. ನಾಲ್ಕನೆಯದಕ್ಕೆ ಒಂದನ್ನು ಅಳಿಸಬೇಕು, ಅಳಿಸಿದ್ದು ಮತ್ತೆ ಬೇಕಾದರೆ ಮತ್ತೆ 22 ಗಂಟೆ. ಮನೆಯಲ್ಲಿ ಒಳ್ಳೆಯ ಫೈಬರ್ ನೆಟ್ ಇದ್ದು, 32 ಅಥವಾ 43 ಇಂಚಿನ ಟಿವಿ ಇದ್ದರೆ ಸೀರೀಸ್ ಎಸ್‌ಗಿಂತ ಜಾಣ ಖರೀದಿ ಬೇರೆ ಇಲ್ಲ. ಫೈಬರ್ ಬಾರದ ಊರಿಗೆ ಅದು ಬೇಡವೇ ಬೇಡ.

ಪ್ಲೇಸ್ಟೇಷನ್ 5 ಎರಡು ಬಗೆಯಲ್ಲಿ ಸಿಗುತ್ತದೆ, ಡಿಸ್ಕ್ ಇರುವುದು ಮತ್ತು ಡಿಸ್ಕ್ ಇಲ್ಲದ ಡಿಜಿಟಲ್. ಈಗ ಬರುವ ಸ್ಲಿಮ್ ಮಾದರಿಯಲ್ಲಿ ಡಿಸ್ಕ್ ಡ್ರೈವನ್ನು ಆಮೇಲೆ ಬೇರೆಯಾಗಿ ಕೊಂಡು ಕೂರಿಸಬಹುದು. ಆ ಡ್ರೈವ್ ಕನ್ಸೋಲಿಗೆ ಹೊಂದಿಕೊಳ್ಳಲು ಮೊದಲ ಸಲ ನೆಟ್ ಬೇಕೇ ಬೇಕು. ಎಕ್ಸ್‌ಬಾಕ್ಸ್‌ನ ಮೊದಲ ಸೆಟಪ್‌ಗೂ ನೆಟ್ ಬೇಕು. ಹಾಗಾಗಿ ಹೊಸ ಯಂತ್ರವನ್ನು ನೇರ ತೋಟಕ್ಕೆ ಒಯ್ಯದೆ ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಫೈಬರ್ ಇರುವ ನೆಂಟರ ಮನೆಯಲ್ಲಿ ಒಂದು ರಾತ್ರಿ ಇಡಿ. ಸೆಟಪ್, ಅಪ್‌ಡೇಟ್, ಒಂದೆರಡು ಆಟ ಎಲ್ಲ ಅಲ್ಲೇ ಮುಗಿಯಲಿ. ಹೊರಡುವ ಮುನ್ನ ಇನ್ನೊಂದು ಕೆಲಸ ಮರೆಯಬಾರದು. ಪ್ಲೇಸ್ಟೇಷನ್‌ನಲ್ಲಿ ‘ಕನ್ಸೋಲ್ ಶೇರಿಂಗ್ ಅಂಡ್ ಆಫ್‌ಲೈನ್ ಪ್ಲೇ’ ಆನ್ ಇರಬೇಕು, ಎಕ್ಸ್‌ಬಾಕ್ಸ್‌ನಲ್ಲಿ ಅದು ‘ಹೋಮ್ ಎಕ್ಸ್‌ಬಾಕ್ಸ್’ ಎಂದು ಗುರುತಾಗಿರಬೇಕು. ಇಲ್ಲವಾದರೆ ನೆಟ್ ಹೋದ ದಿನ, ದುಡ್ಡು ಕೊಟ್ಟು ಇಳಿಸಿದ ಆಟಕ್ಕೇ ಬೀಗ ಬೀಳುತ್ತದೆ. ಎಕ್ಸ್‌ಬಾಕ್ಸ್‌ನ ಗೇಮ್ ಪಾಸ್ ಚಂದಾದಲ್ಲಿ ಇಳಿಸಿದ ಆಟವಾದರೆ 30 ದಿನಕ್ಕೊಮ್ಮೆಯಾದರೂ ಕನ್ಸೋಲಿಗೆ ನೆಟ್ ಕಾಣಿಸಬೇಕು.

ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ಗೆ ಡಿಸ್ಕ್ ಇದೆಯಲ್ಲ ಎನ್ನುವವರು ಡಬ್ಬ ನೋಡಿ ಕೊಳ್ಳಿ. 2024ರಲ್ಲಿ ಡಿಸ್ಕ್ ಇಲ್ಲದ ಬಿಳಿ ಬಣ್ಣದ್ದೂ ಬಂದಿದೆ. ಯಂತ್ರ ಗಟ್ಟಿ, ಸದ್ದೂ ಕಡಿಮೆ. ಆದರೆ ನಮ್ಮ ಕಡೆಯ ಅಂಗಡಿಗಳಲ್ಲಿ ಅದರ ಡಿಸ್ಕ್ ಸಿಗುವುದು ಅಪರೂಪ. ಪ್ಲೇಸ್ಟೇಷನ್ ಡಿಸ್ಕ್ ಹಳೆಯದು, ಹೊಸದು ಎರಡೂ ಸಿಗುತ್ತವೆ, ಆಡಿ ಮುಗಿಸಿದ್ದನ್ನು ಮಾರಲೂಬಹುದು. ಆಟದ ನಡುವೆ ಉಳಿಸಿದ ಸೇವ್ ಫೈಲ್ ವಿಷಯದಲ್ಲಿ ಮಾತ್ರ ಎಕ್ಸ್‌ಬಾಕ್ಸ್ ಮೇಲು. ನೆಟ್ ಸಿಕ್ಕಾಗ ಅದು ತಾನಾಗಿ ಕ್ಲೌಡಿಗೆ, ಅಂದರೆ ಕಂಪನಿಯ ನೆಟ್ ಸಂಗ್ರಹಕ್ಕೆ ಏರಿಸುತ್ತದೆ, ದುಡ್ಡು ಕೇಳುವುದಿಲ್ಲ. ಪ್ಲೇಸ್ಟೇಷನ್‌ನಲ್ಲಿ ಅದಕ್ಕೆ ಪಿಎಸ್ ಪ್ಲಸ್ ಚಂದಾ ಬೇಕು.

ಡಿಸ್ಕ್ ಇದ್ದ ಮಾತ್ರಕ್ಕೆ ನೆಟ್ ಬೇಡವೇ ಬೇಡ ಎಂದೂ ಅಲ್ಲ. ಡಿಸ್ಕ್ ಹಾಕಿದ ಮೇಲೂ ಆಟ ಕನ್ಸೋಲಿನ ಒಳಗಿನ ಸಂಗ್ರಹಕ್ಕೆ (ಎಸ್‌ಎಸ್‌ಡಿ) ನಕಲಾಗುತ್ತದೆ, ಆಮೇಲೆ ಕೆಲವು ಜಿಬಿ ಅಪ್‌ಡೇಟ್ ಕೇಳುತ್ತದೆ. ಅಪ್‌ಡೇಟ್ ಇಲ್ಲದೆಯೂ ಹೆಚ್ಚಿನ ಆಟ ನಡೆಯುತ್ತದೆ. ಆದರೆ ಕೆಲವು ಡಿಸ್ಕಿನಲ್ಲಿ ಆಟದ ಒಂದು ಭಾಗವಷ್ಟೇ ಇರುತ್ತದೆ, ಹೊದಿಕೆಯ ಮೇಲೆ ಸಣ್ಣ ಅಕ್ಷರದಲ್ಲಿ ಡೌನ್‌ಲೋಡ್ ಬೇಕೆಂದು ಬರೆದಿರುತ್ತಾರೆ. ಗಲ್ಫ್‌ನಲ್ಲಿರುವ ನೆಂಟರು ತಂದ ಡಿಸ್ಕ್ ಇಲ್ಲಿನ ಪ್ಲೇಸ್ಟೇಷನ್ 5ರಲ್ಲಿ ನಡೆಯುತ್ತದೆ. ಅದೇ ಆಟಕ್ಕೆ ಇಲ್ಲಿನ ಸ್ಟೋರಿನಿಂದ ಹೆಚ್ಚುವರಿ ಭಾಗ ಕೊಂಡರೆ ಹೊಂದಿಕೊಳ್ಳದೆ ಹೋಗಬಹುದು.

ಕೈಯಲ್ಲಿ ಹಿಡಿದೂ ಟಿವಿಗೆ ಜೋಡಿಸಿಯೂ ಆಡಬಹುದಾದ ನಿಂಟೆಂಡೊ ಸ್ವಿಚ್ ಬಗ್ಗೆ ಇಲ್ಲಿ ಯಾರೂ ಹೆಚ್ಚು ಮಾತಾಡುವುದಿಲ್ಲ. ಮಳೆನಾಡಿಗೆ ಹೇಳಿ ಮಾಡಿಸಿದಂತಿರುವುದು ಅದೇ. ಆಟ ತುಂಬಿದ ಪುಟ್ಟ ಕಾರ್ಡ್, ಅಂದರೆ ಕಾರ್ಟ್ರಿಜ್ ಹಾಕಿದರೆ ಇನ್‌ಸ್ಟಾಲ್ ಗೋಜಿಲ್ಲದೆ ಆಟ ಶುರು. ಒಳಗೇ ಬ್ಯಾಟರಿ ಇದೆ, 2019ರ ನಂತರದ ಸಾಮಾನ್ಯ ಮಾದರಿ ಆಟಕ್ಕೆ ತಕ್ಕಂತೆ ನಾಲ್ಕೂವರೆಯಿಂದ ಒಂಬತ್ತು ಗಂಟೆ ಬರುತ್ತದೆ. ಅದರ ತೊಂದರೆ ಬೇರೆ ಕಡೆ. ಇಲ್ಲಿ ಸಿಗುವುದು ಹೊರದೇಶದಿಂದ ತಂದ ಸರಕು, ಕೆಟ್ಟರೆ ಅಂಗಡಿಯವರ ಮಾತೇ ವಾರಂಟಿ. ಅದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. 2025ರ ಸ್ವಿಚ್ 2 ಕೊಳ್ಳುವವರು ‘ಗೇಮ್ ಕೀ ಕಾರ್ಡ್’ ಎಂದು ಬರೆದ ಆಟಗಳಿಂದ ದೂರ ಇರಿ. ಆ ಕಾರ್ಡಿನಲ್ಲಿ ಆಟ ಇರುವುದಿಲ್ಲ, ಬರೀ ಕೀಲಿ. ಆಟ ನೆಟ್‌ನಿಂದಲೇ ಇಳಿಯಬೇಕು.

ಇನ್ನು ಕರೆಂಟ್. ಜೂನ್‌ನಿಂದ ಸೆಪ್ಟೆಂಬರ್ ತನಕ ತಂತಿಯ ಮೇಲೆ ಮರ ಬೀಳದ ವಾರ ಇರುವುದಿಲ್ಲ, ಇನ್ವರ್ಟರೇ ಗತಿ. 12 ವೋಲ್ಟ್, 150 ಎಎಚ್ ಬ್ಯಾಟರಿಯಲ್ಲಿ ನಷ್ಟವೆಲ್ಲ ಕಳೆದು ಬಳಕೆಗೆ ಸಿಗುವುದು ಹೆಚ್ಚೆಂದರೆ 1,100 ವ್ಯಾಟ್ ಅವರ್. ಭಾರೀ ಆಟ ಆಡುವಾಗ ಪ್ಲೇಸ್ಟೇಷನ್ 5 ಸುಮಾರು 200 ವ್ಯಾಟ್ ಎಳೆಯುತ್ತದೆ, 55 ಇಂಚಿನ ಟಿವಿ 120. ಮೂರೂವರೆ ಗಂಟೆಗೆ ಬ್ಯಾಟರಿ ಖಾಲಿ, ಆ ರಾತ್ರಿ ಮನೆಗೆ ದೀಪವೂ ಇಲ್ಲ. ಸೀರೀಸ್ ಎಸ್ 80 ವ್ಯಾಟ್ ಒಳಗೆ, 32 ಇಂಚಿನ ಟಿವಿ 50 ವ್ಯಾಟ್ ಎಂದರೆ ಎಂಟು ಗಂಟೆ. ಟಿವಿಗೆ ಜೋಡಿಸಿದ ಸ್ವಿಚ್‌ಗೆ 20 ವ್ಯಾಟ್ ಕೂಡ ಬೇಡ.

ಇನ್ವರ್ಟರ್ ಪ್ಯೂರ್ ಸೈನ್ ವೇವ್, ಅಂದರೆ ಲೈನಿನ ಕರೆಂಟಿನಂತೆಯೇ ನಯವಾದ ಅಲೆ ಕೊಡುವಂಥದ್ದು ಇರಲಿ. ಹಳೆಯ ಸ್ಕ್ವೇರ್ ವೇವ್‌ನಲ್ಲಿ ಫ್ಯಾನು, ಬಲ್ಬು ನಡೆದಂತೆ ಕನ್ಸೋಲ್ ನಡೆಯುವುದಿಲ್ಲ. ಪವರ್ ಸಪ್ಲೈ ಗುಂಯ್‌ಗುಡುತ್ತದೆ, ಬಿಸಿಯಾಗುತ್ತದೆ, ಕೆಲವೊಮ್ಮೆ ಆನ್ ಆಗುವುದೇ ಇಲ್ಲ. ಇನ್ವರ್ಟರಿನ ಹಿಂದಿನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿರಬೇಕು. ಸಾಮಾನ್ಯ ಮೋಡ್‌ನಲ್ಲಿ ಲೈನ್‌ನಿಂದ ಬ್ಯಾಟರಿಗೆ ಬದಲಾಗುವ ಆ ಕ್ಷಣದಲ್ಲಿ ಕನ್ಸೋಲ್ ಆಫ್ ಆಗಿಬಿಡುತ್ತದೆ. ಆದರೆ ಯುಪಿಎಸ್ ಮೋಡ್‌ನಲ್ಲಿ ಲೋ ವೋಲ್ಟೇಜ್ ಬಂದ ಸಂಜೆ, ಲೈನಿನಲ್ಲಿ ಕರೆಂಟ್ ಇದ್ದರೂ ಬ್ಯಾಟರಿಯೇ ಓಡುತ್ತಿರುತ್ತದೆ. ಇದು ಗೊತ್ತಿಲ್ಲದೆ ಬ್ಯಾಟರಿ ಕೆಟ್ಟಿದೆ ಎಂದು ಬದಲಾಯಿಸುವವರಿದ್ದಾರೆ.

ಆಟದ ನಡುವೆ ಕರೆಂಟ್ ಹೋಗಿ ಪ್ಲೇಸ್ಟೇಷನ್ 5 ಮತ್ತೆ ಸರಿಯಾಗಿ ಏಳದಿದ್ದರೆ ಗಾಬರಿ ಬೇಡ. ಪೂರ್ತಿ ಆಫ್ ಮಾಡಿ ಪವರ್ ಬಟನ್ ಒತ್ತಿ ಹಿಡಿಯಿರಿ. ಒಂದು ಬೀಪ್ ಆದ ಮೇಲೆ ಸುಮಾರು ಏಳು ಸೆಕೆಂಡಿಗೆ ಎರಡನೇ ಬೀಪ್ ಕೇಳುತ್ತದೆ, ಆಗ ಬಿಡಿ. ಟಿವಿಯಲ್ಲಿ ಒಂದು ಪಟ್ಟಿ ಬರುತ್ತದೆ. ಕಂಟ್ರೋಲರನ್ನು ಕೇಬಲ್‌ನಿಂದ ಜೋಡಿಸಿ ‘ಕ್ಲಿಯರ್ ಕ್ಯಾಶ್ ಅಂಡ್ ರೀಬಿಲ್ಡ್ ಡೇಟಾಬೇಸ್’ ಒಳಗೆ ಹೋಗಿ ಡೇಟಾಬೇಸ್ ರೀಬಿಲ್ಡ್ ಮಾಡಿ. ಆಟವೂ ಸೇವ್ ಫೈಲೂ ಹಾಗೇ ಉಳಿಯುತ್ತವೆ. ಅದೇ ಪಟ್ಟಿಯಲ್ಲಿರುವ ‘ರೀಸೆಟ್ ಪಿಎಸ್5’ ಒತ್ತಿದರೆ ಎಲ್ಲವೂ ಅಳಿಸಿಹೋಗುತ್ತದೆ. ಮಳೆಗಾಲದಲ್ಲಿ ಅರೆನಿದ್ದೆಯ ರೆಸ್ಟ್ ಮೋಡ್ ಬಳಸದೆ ಪೂರ್ತಿ ಆಫ್ ಮಾಡಿದರೆ ಈ ತೊಂದರೆಯೇ ಅರ್ಧ ತಪ್ಪುತ್ತದೆ.

ಸಿಡಿಲು ಇದಕ್ಕಿಂತ ದೊಡ್ಡ ಶತ್ರು. ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳಿಗೆ ರಜೆ, ಸಂಜೆಯಾದರೆ ಗುಡುಗು. ಮಧ್ಯಾಹ್ನ ಮೋಡ ಕಟ್ಟಿದರೆ ಗೋಡೆಯ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡಬೇಕು. ಜೊತೆಗೆ ಟಿವಿಗೆ ಚಿತ್ರ ಒಯ್ಯುವ ಎಚ್‌ಡಿಎಂಐ ಕೇಬಲನ್ನೂ ಕಳಚಿ. ಡಿಶ್ ತಂತಿಯಲ್ಲಿ ಬಂದ ಸಿಡಿಲಿನ ವೋಲ್ಟೇಜ್ ಸೆಟ್‌ಟಾಪ್ ಬಾಕ್ಸ್ ದಾಟಿ, ಟಿವಿ ದಾಟಿ, ಕನ್ಸೋಲಿನ ಎಚ್‌ಡಿಎಂಐ ಭಾಗವನ್ನು ಸುಡುತ್ತದೆ. ಲೈಟ್ ಉರಿಯುತ್ತದೆ, ಫ್ಯಾನ್ ತಿರುಗುತ್ತದೆ, ಟಿವಿಯಲ್ಲಿ ಚಿತ್ರ ಮಾತ್ರ ಬಾರದು ಎಂಬ ದೂರಿಗೆ ಬಹಳ ಸಲ ಇದೇ ಕಾರಣ. ಸ್ಟೆಬಿಲೈಸರ್ ಸಿಡಿಲನ್ನು ತಡೆಯುವುದಿಲ್ಲ. ಸರ್ಜ್ ಪ್ರೊಟೆಕ್ಟರ್ ಕೂಡ ಮನೆಯ ಅರ್ಥಿಂಗ್ ಸರಿ ಇದ್ದರಷ್ಟೇ ಪೂರ್ತಿ ಕೆಲಸ ಮಾಡುತ್ತದೆ. ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ನೀರು ಹಾಕುವ ರೂಢಿ ಬಿಡಬೇಡಿ. ಕಂಬದಲ್ಲಿ ನ್ಯೂಟ್ರಲ್ ತುಂಡಾದರಂತೂ 230 ಇರಬೇಕಾದ ವೋಲ್ಟೇಜ್ 400ರ ಹತ್ತಿರ ಏರಬಹುದು. ಬಲ್ಬುಗಳು ಇದ್ದಕ್ಕಿದ್ದಂತೆ ಕಣ್ಣು ಕೋರೈಸುವಷ್ಟು ಉರಿದರೆ ಮೊದಲು ಮೇನ್ ಆಫ್ ಮಾಡಿ, ಆಮೇಲೆ ಲೈನ್‌ಮನ್‌ಗೆ ಫೋನ್ ಮಾಡಿ. ಎಂಸಿಬಿ ಪಕ್ಕದಲ್ಲಿ ಕೂರಿಸುವ ಓವರ್ ವೋಲ್ಟೇಜ್ ಪ್ರೊಟೆಕ್ಟರ್ ಇದ್ದರೆ ಅದೇ ಕಡಿದುಹಾಕುತ್ತದೆ. ಕನ್ಸೋಲ್‌ಗೆಂದು ಎತ್ತಿಟ್ಟ ದುಡ್ಡಿನಲ್ಲಿ ಮೊದಲ ಪಾಲು ಇದಕ್ಕೆ ಹೋಗಲಿ.

ತೇವದ ಮಾತು ಚಿಕ್ಕದು. ಬೂಷ್ಟು ಹಿಡಿಯುವ ಗೋಡೆ ಬೀರುವಿನೊಳಗೆ ಇಡಬೇಡಿ. ಬಳಸದಿದ್ದರೂ ವಾರಕ್ಕೊಮ್ಮೆ ಒಂದು ಗಂಟೆ ಓಡಿಸಿದರೆ ಒಳಗಿನ ಬಿಸಿಗೆ ತೇವ ಆರುತ್ತದೆ. ಆ ಬೆಚ್ಚನೆಯ ಜಾಗಕ್ಕೆ ಇರುವೆ, ಜಿರಲೆ ಸೇರುವುದೂ ಉಂಟು, ಗಾಳಿ ಕಿಂಡಿಯನ್ನು ಆಗಾಗ ಮೆತ್ತನೆಯ ಬ್ರಷ್‌ನಿಂದ ಒರೆಸಿ. ಪ್ಲೇಸ್ಟೇಷನ್ 5 ಬಿಸಿಯಾಗುತ್ತದೆಂದು ಮೊಬೈಲ್ ರಿಪೇರಿಯವರ ಕೈಗೆ ಕೊಟ್ಟು ಹೀಟ್‌ಸಿಂಕ್ ಬಿಚ್ಚಿಸಬೇಡಿ. ಅದರ ಚಿಪ್ ಮೇಲಿರುವುದು ಸಾಮಾನ್ಯ ಪೇಸ್ಟ್ ಅಲ್ಲ, ದ್ರವ ಲೋಹ. ಒಂದು ಹನಿ ಬೋರ್ಡಿನ ಮೇಲೆ ಚೆಲ್ಲಿದರೆ ಶಾರ್ಟ್ ಆಗಿ ಯಂತ್ರವೇ ಹೋಗುತ್ತದೆ.

ಹಳೆಯದನ್ನು ಕೊಳ್ಳುವವರು ಅರ್ಧ ಗಂಟೆ ಭಾರೀ ಆಟ ಓಡಿಸಿ ನೋಡಿ, ಡಿಸ್ಕ್ ಹಾಕಿ ತೆಗೆದು ನೋಡಿ, ಕಂಟ್ರೋಲರಿನ ಸ್ಟಿಕ್ ಮುಟ್ಟದೆ ಬಿಟ್ಟಾಗ ಆಟಗಾರ ತಾನಾಗಿ ಒಂದು ಕಡೆ ಸರಿಯುತ್ತಾನೆಯೇ ಗಮನಿಸಿ. ಮಾರುವವರ ಅಕೌಂಟನ್ನು ಅವರ ಎದುರಿಗೇ ತೆಗೆಸಿ.

ಜಿಲ್ಲೆಯ ಅಂಗಡಿಯವರಲ್ಲಿ ಒಂದು ವಿನಂತಿ. ಬೆಲೆಯ ಚೀಟಿಯ ಪಕ್ಕದಲ್ಲೇ ‘ಡಿಸ್ಕ್ ಇದೆ’, ‘ಡಿಸ್ಕ್ ಇಲ್ಲ, ನೆಟ್ ಬೇಕು’ ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಂಟಿಸಿ. ಮಕ್ಕಳಿಗೆಂದು ಕೊಳ್ಳಲು ಬರುವ ಹಿರಿಯರಿಗೆ ಡಬ್ಬದ ಮೇಲಿನ ಸಣ್ಣ ಇಂಗ್ಲಿಷ್ ಅಕ್ಷರ ಕಾಣುವುದಿಲ್ಲ.

ಇಂತಿ,
ಗೇಮ್ ಕನ್ಸೋಲ್ ದುರಸ್ತಿ ಕೆಲಸದವರು,
ಗೋಣಿಕೊಪ್ಪಲು, ಕೊಡಗು